ಚಾರ್ಲ್ಸ್, ಕ್ಲೈವ್ (1951–2003)

ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಲ್ಲಿ ನೆಲೆನಿಂತ ಫುಟ್‌ಬಾಲ್ ಆಟಗಾರ, ತರಬೇತುದಾರ. ವೆಸ್ಟ್ ಹ್ಯಾಮ್ ಯುನೈಟೆಡ್, ಕಾರ್ಡಿಫ್ ಸಿಟಿ ಮತ್ತು ಪೋರ್ಟ್‌ಲ್ಯಾಂಡ್ ಟಿಂಬರ್ಸ್ ಕ್ಲಬ್ಬುಗಳಲ್ಲಿ ಲೆಫ್ಟ್ ಬ್ಯಾಕ್ ಆಗಿ ಆಡಿದ. ಬಳಿಕ ಪೋರ್ಟ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 1986ರಿಂದ ಪುರುಷರ ತಂಡಕ್ಕೂ 1989ರಿಂದ ಮಹಿಳೆಯರ ತಂಡಕ್ಕೂ ಕೋಚ್ ಆಗಿ, 2002ರ ಋತು ಮುಗಿಯುವವರೆಗೆ ಎರಡನ್ನೂ ಏಕಕಾಲಕ್ಕೆ ನಡೆಸಿದ. ಎರಡೂ ತಂಡಗಳದ್ದು ಸೇರಿ 439 ಗೆಲುವು, 144 ಸೋಲು, 44 ಡ್ರಾ. ಇಂಗ್ಲೆಂಡಿನ ಫುಟ್‌ಬಾಲ್ ಚರಿತ್ರೆಯಲ್ಲಿ ಆಟಗಾರ ಚಾರ್ಲ್ಸ್‌ನ ಪ್ರಸ್ತಾಪ ಒಂದೆರಡು ಸಾಲಿಗೆ ಮುಗಿದುಹೋಗುತ್ತದೆ. ಅಮೆರಿಕದ ಫುಟ್‌ಬಾಲ್ ಚರಿತ್ರೆಯನ್ನಾದರೋ ಕೋಚ್ ಚಾರ್ಲ್ಸ್‌ನನ್ನು ಬಿಟ್ಟು ಬರೆಯಲಾಗದು. ಈ ಅಂತರಕ್ಕೆ ಕಾರಣ ಕೇಳಿದರೆ ಆತನ ಒಳ್ಳೆಯ ಗುಣ, ಮಾತಿನ ಮೋಡಿ, ಹಾಸ್ಯಪ್ರಜ್ಞೆಗಳ ಕಡೆಗೆ ಬೆರಳು ತೋರಿಸುವುದು ರೂಢಿ. ಅದು ಸುಳ್ಳಲ್ಲ, ಆದರೆ ಅಷ್ಟೇ ಸಾಲದು. ದೊಡ್ಡ ಹೆಸರು ಮಾಡದೆ ಊರೂರು ಅಲೆದು ದುಡಿದ ವೃತ್ತಿಜೀವನವೇ ಚಾರ್ಲ್ಸ್‌ನ ನಿಜವಾದ ಬಂಡವಾಳ. ಅಮೆರಿಕದಲ್ಲಿ ವೃತ್ತಿಪರ ಲೀಗ್ ಕುಸಿದುಬಿದ್ದ ಮೇಲೆ ಆಟಕ್ಕೆ ಉಳಿದಿದ್ದ ಒಂದೇ ಗಟ್ಟಿ ನೆಲೆ ಕಾಲೇಜು, ಆ ಬಂಡವಾಳ ಫಲ ಕೊಟ್ಟದ್ದು ಅಲ್ಲಿ. ಈತನ ಜೀವನವನ್ನು ಹೀಗೆ ಓದಿದರೆ ಆ ದೇಶದ ಆಟದ ಒಂದು ಇಡೀ ಕಾಲಘಟ್ಟವೂ ತಿಳಿಯಾಗುತ್ತದೆ.

ಚಾರ್ಲ್ಸ್ ಹುಟ್ಟಿದ್ದು 1951ರ ಅಕ್ಟೋಬರ್ 3ರಂದು, ಪೂರ್ವ ಲಂಡನ್ನಿನಲ್ಲಿ. ತಂದೆ ಕೆರಿಬಿಯನ್ ದ್ವೀಪವಾದ ಗ್ರೆನಡಾದಿಂದ ಬಂದ ಹಡಗಿನ ನಾವಿಕ. ಅಣ್ಣ ಜಾನ್ ಚಾರ್ಲ್ಸ್ ಕೂಡ ವೆಸ್ಟ್ ಹ್ಯಾಮ್ ಆಟಗಾರನೇ. ಇಂಗ್ಲೆಂಡಿನ ಯುವ ತಂಡದಲ್ಲಿ ಆಡಿದ ಜಾನ್, 1963ರಲ್ಲಿ ಎಫ್‌ಎ ಯೂತ್ ಕಪ್ ಗೆದ್ದ ವೆಸ್ಟ್ ಹ್ಯಾಮ್ ಹುಡುಗರ ನಾಯಕನಾಗಿದ್ದ. ಅಣ್ಣನ ಹಾದಿಯಲ್ಲೇ ಬಂದ ಕ್ಲೈವ್, 1972ರ ಮಾರ್ಚ್‌ನಲ್ಲಿ ಮೊದಲ ತಂಡಕ್ಕೆ ಇಳಿದ. ಅದೇ ವರ್ಷ ಏಪ್ರಿಲ್ 1ರಂದು ಟಾಟನ್‌ಹ್ಯಾಮ್ ವಿರುದ್ಧದ ಪಂದ್ಯದಲ್ಲಿ ಕ್ಲೈವ್ ಚಾರ್ಲ್ಸ್, ಬರ್ಮುಡಾದ ಕ್ಲೈಡ್ ಬೆಸ್ಟ್ ಮತ್ತು ಲಾಗೋಸ್‌ನಲ್ಲಿ ಹುಟ್ಟಿದ ಅಡೆ ಕೋಕರ್ ಒಟ್ಟಿಗೆ ಕಣಕ್ಕಿಳಿದರು. ಇಂಗ್ಲೆಂಡಿನ ಮೇಲ್ದರ್ಜೆಯ ಲೀಗಿನಲ್ಲಿ ಮೂವರು ಕಪ್ಪು ಆಟಗಾರರು ಒಂದೇ ತಂಡದಲ್ಲಿ ಆಡಿದ್ದು ಅದೇ ಮೊದಲು. ವೆಸ್ಟ್ ಹ್ಯಾಮ್ 2–0ರಿಂದ ಗೆದ್ದಿತು. ಆದರೆ ವೆಸ್ಟ್ ಹ್ಯಾಮ್‌ಗಾಗಿ ಚಾರ್ಲ್ಸ್ ಆಡಿದ ಲೀಗ್ ಪಂದ್ಯಗಳು ಒಟ್ಟು 14 ಮಾತ್ರ. 1974ರಲ್ಲಿ ವೇಲ್ಸ್‌ನ ಕಾರ್ಡಿಫ್ ಸಿಟಿಗೆ ಹೋಗಿ ಅಲ್ಲಿ ನಾಯಕನೂ ಆದ. 1976ರಲ್ಲಿ ಮೂರನೆಯ ದರ್ಜೆಯಿಂದ ಎರಡನೆಯದಕ್ಕೆ ಬಡ್ತಿ ಪಡೆದ ಕ್ಲಬ್ ಅದು. ಇಷ್ಟಕ್ಕೆ ಈತನ ಬ್ರಿಟಿಷ್ ಅಧ್ಯಾಯ ಮುಗಿಯಿತು. ಕುತೂಹಲದ ಸಂಗತಿಯೆಂದರೆ, ಏಪ್ರಿಲ್ 1ರ ಆ ಮೂವರೂ ಕೊನೆಗೆ ಅಮೆರಿಕ ಸೇರಿದರು. ಕೋಕರ್ ಮುಂದೆ ಅಮೆರಿಕದ ರಾಷ್ಟ್ರೀಯ ತಂಡಕ್ಕೇ ಆಡಿದ. ಬೆಸ್ಟ್ ಮತ್ತು ಚಾರ್ಲ್ಸ್ ಪೋರ್ಟ್‌ಲ್ಯಾಂಡಿನಲ್ಲಿ ಮತ್ತೆ ಜತೆಯಾಟಗಾರರಾದರು. ಪ್ರೇಕ್ಷಕರ ಗ್ಯಾಲರಿಯಿಂದ ಜನಾಂಗೀಯ ನಿಂದನೆ ಕೇಳಿಬರುವುದು ವಾರದ ಮಾಮೂಲಿಯಾಗಿದ್ದ ಕಾಲದ ಇಂಗ್ಲೆಂಡಿನಿಂದ ಹೊರಟವರಿಗೆ ಅಮೆರಿಕದ ಸಂಬಳವೊಂದೇ ಆಕರ್ಷಣೆಯಾಗಿರಲಿಕ್ಕಿಲ್ಲ ಎಂದು ಊಹಿಸಿದರೆ ತಪ್ಪಾಗದು.

ಚಾರ್ಲ್ಸ್ 1978ರಲ್ಲಿ ಪೋರ್ಟ್‌ಲ್ಯಾಂಡ್‌ಗೆ ಬಂದಾಗ ಉತ್ತರ ಅಮೆರಿಕದ ಸಾಕರ್ ಲೀಗ್ (ಎನ್‌ಎಎಸ್‌ಎಲ್) ತನ್ನ ಉತ್ಕರ್ಷದಲ್ಲಿತ್ತು. ಪೆಲೆ ನ್ಯೂಯಾರ್ಕ್ ಕಾಸ್ಮಾಸ್‌ಗೆ ಆಡಿ ಹಿಂದಿನ ವರ್ಷವಷ್ಟೆ ನಿವೃತ್ತನಾಗಿದ್ದ. ಆ ವರ್ಷ ಲೀಗಿನಲ್ಲಿದ್ದ ತಂಡಗಳು 24. ಪೋರ್ಟ್‌ಲ್ಯಾಂಡ್ ಟಿಂಬರ್ಸ್ 1975ರಲ್ಲಿ ಹುಟ್ಟಿ ಮೊದಲ ವರ್ಷವೇ ಫೈನಲ್ ತಲುಪಿ, ಮರದ ವ್ಯಾಪಾರಕ್ಕೆ ಹೆಸರಾದ ಆ ಊರಿಗೆ ಸಾಕರ್ ಹುಚ್ಚು ಹಿಡಿಸಿತ್ತು. ಚಾರ್ಲ್ಸ್ ಅಲ್ಲಿ ನಾಲ್ಕು ಋತು ಆಡಿದ. ಆದರೆ ಲೀಗಿನ ಅಡಿಪಾಯ ಟೊಳ್ಳು. ಆದಾಯಕ್ಕೆ ಮೀರಿದ ಖರ್ಚು, ಅವಸರದಲ್ಲಿ ಹೆಚ್ಚಿಸಿದ ತಂಡಗಳ ಸಂಖ್ಯೆ, ಹೊರದೇಶದ ತಾರೆಗಳ ಮೇಲಿನ ಅವಲಂಬನೆ, ಎಲ್ಲವೂ ಕೂಡಿ 1984ರ ಋತುವಿನ ಹೊತ್ತಿಗೆ ಅದು ನೆಲಕಚ್ಚಿತು. ಟಿಂಬರ್ಸ್ ಅದಕ್ಕೂ ಮೊದಲೇ, 1982ರಲ್ಲಿ, ಬಾಗಿಲು ಹಾಕಿತ್ತು. ಚಾರ್ಲ್ಸ್ ಪಿಟ್ಸ್‌ಬರ್ಗ್ ಮತ್ತು ಲಾಸ್ ಏಂಜಲೀಸ್‌ನ ಒಳಾಂಗಣ ತಂಡಗಳಲ್ಲಿ ಸ್ವಲ್ಪ ಕಾಲ ಆಡಿ, ಪೋರ್ಟ್‌ಲ್ಯಾಂಡ್ ಪಕ್ಕದ ಟ್ರೌಟ್‌ಡೇಲ್‌ನ ರೆನಾಲ್ಡ್ಸ್ ಹೈಸ್ಕೂಲಿನ ಹುಡುಗರಿಗೆ ಆಟ ಹೇಳಿಕೊಡಲು ಬಂದ. ಎಫ್‌ಸಿ ಪೋರ್ಟ್‌ಲ್ಯಾಂಡ್ ಎಂಬ ಯುವ ಕ್ಲಬ್ಬನ್ನೂ ಕಟ್ಟಿದ.

ಈ ಲೀಗಿನ ಬಗ್ಗೆ ಒಂದು ತೀರ್ಪು ಬಹುಕಾಲದಿಂದ ಚಾಲ್ತಿಯಲ್ಲಿದೆ: ವಯಸ್ಸಾದ ವಿದೇಶಿ ಆಟಗಾರರಿಗೆ ಹಣ ಸುರಿಯಿತು, ಸ್ಥಳೀಯರಿಗೆ ಜಾಗ ಕೊಡಲಿಲ್ಲ, ಹೋಗುವಾಗ ಏನನ್ನೂ ಬಿಟ್ಟುಹೋಗಲಿಲ್ಲ. ಇದರ ಮೊದಲ ಭಾಗವನ್ನು ಒಪ್ಪಬೇಕು. ತಂಡದಲ್ಲಿ ಇಷ್ಟು ಮಂದಿಯಾದರೂ ಉತ್ತರ ಅಮೆರಿಕದವರು ಇರಬೇಕೆಂಬ ನಿಯಮ ಇತ್ತು ನಿಜ, ಆದರೆ ಆ ಸಂಖ್ಯೆ ತೀರ ಚಿಕ್ಕದು. ಕೊನೆಯ ಮಾತು ಮಾತ್ರ ನಿಲ್ಲುವುದಿಲ್ಲ. ಪೆಲೆ, ಬೆಕನ್‌ಬಾವರ್‌ರಂಥ ತಾರೆಗಳು ಬಂದರು, ಹೋದರು, ಅವರು ಹೋಗುವವರೇ. ಊರಿನಲ್ಲಿ ಮನೆ ಮಾಡಿ, ಶಾಲೆ ಕಾಲೇಜುಗಳ ಮೈದಾನಕ್ಕಿಳಿದು, ಹತ್ತು ವರ್ಷದ ಮಕ್ಕಳಿಗೆ ಚೆಂಡು ನಿಲ್ಲಿಸುವುದು ಹೇಗೆಂದು ತೋರಿಸಿದವರು ಎರಡನೆಯ ಸಾಲಿನ ಆಟಗಾರರು. ಚಾರ್ಲ್ಸ್‌ನ ದೀರ್ಘಕಾಲದ ಸಹಾಯಕ ಬಿಲ್ ಇರ್ವಿನ್ ಇದಕ್ಕೆ ಇನ್ನೊಂದು ಸಾಕ್ಷಿ. ಉತ್ತರ ಐರ್ಲೆಂಡಿನ ಈ ಗೋಲ್‌ಕೀಪರ್ ಕಾರ್ಡಿಫ್‌ನಲ್ಲಿ ಚಾರ್ಲ್ಸ್‌ನ ಜತೆ ಆಡಿದವ, ಅದೇ ಲೀಗಿನ ಹಲವು ಕ್ಲಬ್ಬುಗಳನ್ನು ಸುತ್ತಿ ಟಿಂಬರ್ಸ್‌ಗೆ ಬಂದವ. ಲೀಗ್ ಉಳಿಸಿಹೋದ ಆಸ್ತಿ ಕ್ರೀಡಾಂಗಣಗಳಲ್ಲಿ ಇರಲಿಲ್ಲ, ಇಂಥ ಮನುಷ್ಯರಲ್ಲಿ ಇತ್ತು.

ಇನ್ನು ಈ ಕಾಲೇಜು ಎಂದರೇನು ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಕಾಲೇಜಿನ ಕೋಚ್ ಎಂದೊಡನೆ ಕನ್ನಡ ಓದುಗರ ಕಣ್ಣಮುಂದೆ ಬರುವುದು ವರ್ಷಕ್ಕೊಮ್ಮೆ ಅಂತರ ಕಾಲೇಜು ಪಂದ್ಯಾವಳಿಗೆ ಹುಡುಗರನ್ನು ಕರೆದೊಯ್ಯುವ ದೈಹಿಕ ಶಿಕ್ಷಣ ನಿರ್ದೇಶಕರು. ಅಮೆರಿಕದಲ್ಲಿ ಅದು ಪೂರ್ಣಾವಧಿಯ, ಗೆಲುವು ಸೋಲಿನ ಮೇಲೆ ನಿಂತ ನೌಕರಿ. ಎನ್‌ಸಿಎಎ ಎಂಬ ರಾಷ್ಟ್ರಮಟ್ಟದ ಸಂಘ 1959ರಿಂದ ಪುರುಷರ, 1982ರಿಂದ ಮಹಿಳೆಯರ ಸಾಕರ್ ಚಾಂಪಿಯನ್‌ಷಿಪ್ ನಡೆಸುತ್ತಿದೆ. ಆಟಗಾರರನ್ನು ಹೈಸ್ಕೂಲಿನಲ್ಲೇ ಗುರುತಿಸಿ, ವಿದ್ಯಾರ್ಥಿವೇತನ ಕೊಟ್ಟು ಕರೆತರುವುದು ಕೋಚ್‌ನ ಕೆಲಸ. ಶಿಕ್ಷಣದಲ್ಲಿ ಲಿಂಗ ತಾರತಮ್ಯ ನಿಷೇಧಿಸಿದ 1972ರ ಟೈಟಲ್ ನೈನ್ ಕಾನೂನು ಬಂದ ಮೇಲೆ ಮಹಿಳೆಯರ ತಂಡಗಳಿಗೂ ಈ ವ್ಯವಸ್ಥೆಯ ಬಾಗಿಲು ತೆರೆಯಿತು. ಪೋರ್ಟ್‌ಲ್ಯಾಂಡ್ ವಿಶ್ವವಿದ್ಯಾಲಯ ಹೋಲಿ ಕ್ರಾಸ್ ಎಂಬ ಕ್ಯಾಥೊಲಿಕ್ ಸಭೆಗೆ ಸೇರಿದ, ವಿಲ್ಲಾಮೆಟ್ ನದಿಯ ದಿಬ್ಬದ ಮೇಲಿರುವ ಸಣ್ಣ ಸಂಸ್ಥೆ. ಅದರಲ್ಲಿ ಅಮೆರಿಕನ್ ಫುಟ್‌ಬಾಲ್ ತಂಡವೇ ಇಲ್ಲ. ಈ ಕೊರತೆ ಸಾಕರ್‌ಗೆ ವರವಾಯಿತು. ಬೇರೆಡೆ ಹಣ, ಮೈದಾನ, ಗಮನ ಎಲ್ಲವನ್ನೂ ನುಂಗುವ ದೊಡ್ಡ ಆಟ ಇಲ್ಲಿರಲಿಲ್ಲ. 1990ರಲ್ಲಿ ಸುಮಾರು ಐದು ಸಾವಿರ ಪ್ರೇಕ್ಷಕರು ಕೂರಬಲ್ಲ ಮೆರ್ಲೊ ಫೀಲ್ಡ್ ಸಾಕರ್‌ಗೆಂದೇ ಎದ್ದಿತು. ಟಿಂಬರ್ಸ್ ಇಲ್ಲವಾದ ಊರಿಗೆ ಕಾಲೇಜಿನ ತಂಡವೇ ಊರ ತಂಡವಾಯಿತು. 1984ರ ಕುಸಿತಕ್ಕೂ 1996ರಲ್ಲಿ ಮೇಜರ್ ಲೀಗ್ ಸಾಕರ್ ಆರಂಭವಾದುದಕ್ಕೂ ನಡುವಿನ ಹನ್ನೆರಡು ವರ್ಷ ಅಮೆರಿಕದಲ್ಲಿ ಬಯಲು ಮೈದಾನದ ಮೇಲ್ಮಟ್ಟದ ವೃತ್ತಿಪರ ಲೀಗ್ ಇರಲಿಲ್ಲ. ಹದಿನೆಂಟರಿಂದ ಇಪ್ಪತ್ತೆರಡರ ವಯಸ್ಸಿನ ಪ್ರತಿಭೆಗೆ ಕಾಲೇಜಲ್ಲದೆ ಬೇರೆ ಗತಿ ಇರಲಿಲ್ಲ.

ಇಲ್ಲಿಗೆ ಬಂದ ಚಾರ್ಲ್ಸ್ ಏನು ತಂದ? ಆತನ ಕೈಯಲ್ಲಿ ಹಾದುಹೋದವರ ಮುಂದಿನ ಬದುಕೇ ಉತ್ತರಕ್ಕೆ ಒಳ್ಳೆಯ ಆಧಾರ. ವಾಷಿಂಗ್ಟನ್ ರಾಜ್ಯದಿಂದ ಬಂದ ಗೋಲ್‌ಕೀಪರ್ ಕೇಸಿ ಕೆಲರ್ ವಿದ್ಯಾರ್ಥಿಯಾಗಿದ್ದಾಗಲೇ 1990ರ ವಿಶ್ವಕಪ್ ತಂಡದಲ್ಲಿದ್ದ. 1992ರಲ್ಲಿ ಲಂಡನ್ನಿನ ಮಿಲ್‌ವಾಲ್ ಸೇರಿ, ಮುಂದೆ ಇಂಗ್ಲೆಂಡ್, ಸ್ಪೇನ್, ಜರ್ಮನಿಯ ಮೇಲ್ದರ್ಜೆಯ ಲೀಗುಗಳಲ್ಲಿ ವರ್ಷಗಟ್ಟಲೆ ಆಡಿದ. ಸ್ಟೀವ್ ಚೆರುಂಡೊಲೊ ಎರಡು ಋತುವಿನ ನಂತರ ಜರ್ಮನಿಯ ಹ್ಯಾನೋವರ್ 96 ಸೇರಿ, ನಿವೃತ್ತಿಯಾಗುವವರೆಗೆ ಹದಿನೈದು ವರ್ಷ ಅದೇ ಕ್ಲಬ್ಬಿನಲ್ಲಿ ರೈಟ್ ಬ್ಯಾಕ್ ಆಗಿ ಉಳಿದು ನಾಯಕನೂ ಆದ. ಕಾನರ್ ಕೇಸಿ ಬೊರುಸಿಯಾ ಡಾರ್ಟ್‌ಮಂಡ್‌ಗೆ ಹೋದ. ಈ ಪಟ್ಟಿಯಲ್ಲಿ ಗಮನಿಸಬೇಕಾದ್ದು ಪ್ರತಿಭೆಗಿಂತ ಬಾಳಿಕೆ. ಗೋಲ್‌ಕೀಪರ್ ಮತ್ತು ಹಿಂಬದಿಯ ಆಟಗಾರರ ಜಾಗ ಅಂದಗಾರರದ್ದಲ್ಲ; ತಪ್ಪು ಕಡಿಮೆ ಮಾಡುವವರ, ಮಳೆಯಲ್ಲಿ ಮಂಗಳವಾರ ರಾತ್ರಿಯ ಪಂದ್ಯದಲ್ಲೂ ನಿಂತ ಜಾಗ ಬಿಡದವರ ಜಾಗ. ಸಂಬಳಕ್ಕಾಗಿ ಆಡುವವನ ವಾರದ ಲಯ, ಜಾಗ ಕಳೆದುಕೊಂಡಾಗ ಸುಮ್ಮನಿದ್ದು ತಯಾರಾಗುವ ತಾಳ್ಮೆ, ಬೇರೆ ಊರಿನ ಡ್ರೆಸಿಂಗ್ ರೂಮಿನಲ್ಲಿ ಹೊಸಬನಾಗಿ ನಿಲ್ಲುವ ಧೈರ್ಯ, ಇವು ವೆಸ್ಟ್ ಹ್ಯಾಮ್‌ಗೆ 14 ಲೀಗ್ ಪಂದ್ಯ ಆಡಿ ಕಾರ್ಡಿಫ್‌ಗೆ ಹೋದವನಿಗೆ ತಿಳಿದಷ್ಟು ತಾರೆಗೆ ತಿಳಿದಿರುವುದಿಲ್ಲ. ತಾರೆಗೆ ತನ್ನ ಕಾಲು ಹೇಗೆ ಮಾಡಿತೆಂದು ಹೇಳಲು ಬರುವುದೇ ಅಪರೂಪ. ಸಾಧಾರಣ ಆಟಗಾರ ಪ್ರತಿಯೊಂದನ್ನೂ ಯೋಚಿಸಿ ಮಾಡಿದವನು, ಹಾಗಾಗಿ ಅದನ್ನು ಬಿಡಿಸಿ ಹೇಳಬಲ್ಲ.

ಮಹಿಳೆಯರ ತಂಡದ ವಿಷಯದಲ್ಲಿ ಈ ಮಾತು ಇನ್ನೂ ಗಟ್ಟಿಯಾಗುತ್ತದೆ. 1989ರಲ್ಲಿ ಹೆಂಗಸರಿಗೆ ಸಂಬಳದ ಲೀಗ್ ಅಮೆರಿಕದಲ್ಲಿರಲಿಲ್ಲ, ಅವರ ಮೊದಲ ವಿಶ್ವಕಪ್ಪಿಗೂ ಇನ್ನೆರಡು ವರ್ಷ ಇತ್ತು. ಪುರುಷರ ತಂಡದ ಕೋಚ್ ಮಹಿಳೆಯರದನ್ನೂ ವಹಿಸಿಕೊಳ್ಳುವುದು ಆ ದಿನಗಳಲ್ಲಿ ಬಹುಮಟ್ಟಿಗೆ ಹಣ ಉಳಿಸುವ ಏರ್ಪಾಡು. ಇಲ್ಲಿ ಅದರ ಫಲ ಬೇರೆಯಾಯಿತು. ಪೋರ್ಟ್‌ಲ್ಯಾಂಡಿನವಳೇ ಆದ ಟಿಫನಿ ಮಿಲ್‌ಬ್ರೆಟ್ ಕಾಲೇಜಿನಲ್ಲಿ 103 ಗೋಲು ಹೊಡೆದಳು. ಶಾನನ್ ಮ್ಯಾಕ್‌ಮಿಲನ್ 1995ರಲ್ಲಿ ದೇಶದ ಶ್ರೇಷ್ಠ ಕಾಲೇಜು ಆಟಗಾರ್ತಿಗೆ ಕೊಡುವ ಹರ್ಮನ್ ಟ್ರೋಫಿ ಪಡೆದಳು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಮಹಿಳಾ ಫುಟ್‌ಬಾಲ್ ಮೊದಲ ಸಲ ಸೇರ್ಪಡೆಯಾದಾಗ, ಸೆಮಿಫೈನಲ್‌ನಲ್ಲಿ ನಾರ್ವೆ ವಿರುದ್ಧ ಹೆಚ್ಚುವರಿ ಅವಧಿಯ ಗೆಲುವಿನ ಗೋಲು ಮ್ಯಾಕ್‌ಮಿಲನ್‌ಳದು. ಫೈನಲ್‌ನಲ್ಲಿ ಚೀನಾ ವಿರುದ್ಧ ಚಿನ್ನ ತಂದ ಎರಡನೆಯ ಗೋಲು ಮಿಲ್‌ಬ್ರೆಟ್‌ಳದು. ಒಂದು ಸಣ್ಣ ವಿಶ್ವವಿದ್ಯಾಲಯದ ಇಬ್ಬರು ಒಂದೇ ವಾರದಲ್ಲಿ ದೇಶಕ್ಕೆ ಎರಡು ನಿರ್ಣಾಯಕ ಗೋಲು ಕೊಟ್ಟದ್ದನ್ನು ಬರಿಯ ಕಾಕತಾಳೀಯ ಎನ್ನುವುದು ಕಷ್ಟ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದೇ. ಒಳ್ಳೆಯ ಕೋಚ್ ಆಗಲು ವೃತ್ತಿಪರ ಆಟದ ಅನುಭವ ಬೇಕೆಂದಾದರೆ, ಅದಿಲ್ಲದವರು ಚಾರ್ಲ್ಸ್‌ಗಿಂತ ಹೆಚ್ಚು ಗೆದ್ದದ್ದು ಹೇಗೆ? ನಾರ್ತ್ ಕ್ಯಾರೊಲಿನಾದ ಆನ್ಸನ್ ಡೊರನ್ಸ್ ವೃತ್ತಿಪರ ಆಟಗಾರನಾಗಿ ಹೆಸರು ಮಾಡಿದವನಲ್ಲ. ಆದರೆ 1982ರಿಂದ 2001ರ ವರೆಗೆ ನಡೆದ 20 ಮಹಿಳಾ ಚಾಂಪಿಯನ್‌ಷಿಪ್‌ಗಳಲ್ಲಿ 16 ಅವನ ತಂಡದ ಪಾಲು. ವರ್ಜಿನಿಯಾದಲ್ಲಿ ಪುರುಷರ ತಂಡಕ್ಕೆ 1989 ಮತ್ತು 1991–94ರಲ್ಲಿ ಐದು ಪ್ರಶಸ್ತಿ ತಂದುಕೊಟ್ಟ ಬ್ರೂಸ್ ಅರೀನಾನ ವೃತ್ತಿಪರ ಆಟ ಒಂದು ಋತುವಿನದಷ್ಟೆ. ಚಾರ್ಲ್ಸ್‌ಗೆ ಸಿಕ್ಕ ರಾಷ್ಟ್ರೀಯ ಪ್ರಶಸ್ತಿ ಒಂದೇ, ಅದೂ ಕೊನೆಯ ಋತುವಿನಲ್ಲಿ. ಪುರುಷರ ತಂಡ 1988 ಮತ್ತು 1995ರಲ್ಲಿ ಕೊನೆಯ ನಾಲ್ಕರ ಹಂತ ತಲುಪಿದರೂ ಕಪ್ ಎತ್ತಲಿಲ್ಲ. ಮಹಿಳೆಯರ ತಂಡ 1995ರ ಫೈನಲ್‌ನಲ್ಲಿ ಮೂರನೆಯ ಹೆಚ್ಚುವರಿ ಅವಧಿಯ ಗೋಲಿನಿಂದ ನೋತ್ರ್ ಡಾಮ್‌ಗೆ 1–0 ಅಂತರದಲ್ಲಿ ಸೋತಿತು. (ನೋತ್ರ್ ಡಾಮ್ ಕೂಡ ಹೋಲಿ ಕ್ರಾಸ್ ಸಭೆಯದೇ ಸಂಸ್ಥೆ, ಹಣ, ಹೆಸರುಗಳಲ್ಲಿ ಅಣ್ಣನ ಮನೆ.) ಹಾಗಾದರೆ ವಾದ ಬಿದ್ದುಹೋಯಿತೇ? ಇಲ್ಲ. ವೃತ್ತಿಪರ ಅನುಭವವಿಲ್ಲದೆ ಕಾಲೇಜು ಪಂದ್ಯ ಗೆಲ್ಲಲಾಗದು ಎಂಬುದು ಈ ಲೇಖನದ ವಾದವೇ ಅಲ್ಲ. ಡೊರನ್ಸ್ ಮಹಿಳಾ ಕಾಲೇಜು ಆಟ ರೂಪುಗೊಳ್ಳುವ ಮುನ್ನವೇ ಬಂದು ಅದನ್ನು ಕಟ್ಟಿದವನು. ಅವನ ಹಿಂದೆ ಒಂದು ದೊಡ್ಡ ರಾಜ್ಯ ವಿಶ್ವವಿದ್ಯಾಲಯವಿತ್ತು, ದೇಶದ ಪ್ರತಿಭೆಯೆಲ್ಲ ಅಲ್ಲಿಗೆ ಹರಿಯುತ್ತಿತ್ತು. ಪ್ರಶಸ್ತಿಯ ಲೆಕ್ಕ ಸಂಸ್ಥೆಯ ಬಲವನ್ನೂ ಅಳೆಯುತ್ತದೆ. ಸಣ್ಣ ಸಂಸ್ಥೆಯೊಂದರಿಂದ ಎಂಥ ಆಟಗಾರರು ಹೊರಬಂದರು, ಹೊರಗೆ ಎಷ್ಟು ಕಾಲ ಬಾಳಿದರು ಎಂಬ ಅಳತೆಗೋಲು ಹಿಡಿದರೆ ಚಿತ್ರ ಬದಲಾಗುತ್ತದೆ.

ಎರಡನೆಯ ಆಕ್ಷೇಪ ಕಾಲೇಜು ವ್ಯವಸ್ಥೆಯ ಮೇಲೆಯೇ. ಆಗಸ್ಟ್ ಕೊನೆಯಿಂದ ಡಿಸೆಂಬರ್ ಒಳಗೆ ಇಪ್ಪತ್ತರ ಆಸುಪಾಸು ಪಂದ್ಯಗಳನ್ನು ತುರುಕಿದ ಋತು, ಹೊರಗೆ ಹೋದ ಆಟಗಾರ ಮತ್ತೆ ಒಳಬರಬಹುದಾದ ಸಡಿಲ ಬದಲಾವಣೆ ನಿಯಮ, ಇವು ವೇಗ ಮತ್ತು ದೇಹಬಲವನ್ನು ಮೆಚ್ಚಿ ಆಟದ ಜಾಣ್ಮೆಯನ್ನು ಹಿಂದೆ ತಳ್ಳುತ್ತವೆ. ಯುರೋಪಿನ ಹುಡುಗ ಹದಿನೇಳಕ್ಕೆ ಕಲಿತದ್ದನ್ನು ಅಮೆರಿಕದ ಹುಡುಗ ಇಪ್ಪತ್ತೆರಡಕ್ಕೆ ಕಲಿಯುತ್ತಾನೆ ಎಂಬ ದೂರು. ಇದರಲ್ಲಿ ಹುರುಳಿದೆ. ಚಾರ್ಲ್ಸ್‌ನ ಒಳ್ಳೆಯ ಪುರುಷ ಶಿಷ್ಯರೇ ಇದನ್ನು ಸಮರ್ಥಿಸುತ್ತಾರೆ, ಚೆರುಂಡೊಲೊ, ಕಾನರ್ ಕೇಸಿ ಇಬ್ಬರೂ ಪದವಿಗೆ ಕಾಯದೆ ಹೊರಟವರು. ಆದರೆ ಕಾಲೇಜು ನಿಧಾನ ಎಂಬ ಕಾರಣಕ್ಕೇ ಅಲ್ಲಿನ ಕೋಚ್ ಯಾರೆಂಬುದು ಮುಖ್ಯವಾಗುತ್ತದೆ. ಎರಡೇ ವರ್ಷದ ಕಾಲೇಜಿನಿಂದ ನೇರ ಜರ್ಮನಿಯ ಕ್ಲಬ್ಬಿಗೆ ಹೋಗಿ ನಿಲ್ಲುವಂತೆ ಆಟಗಾರ ತಯಾರಾಗಿದ್ದರೆ, ಅಲ್ಲಿನ ಕೆಲಸ ಎಂಥದೆಂದು ತಿಳಿದವರು ಇಲ್ಲಿ ಯಾರೋ ಇದ್ದರೆಂದೇ ಅರ್ಥ.

ರಾಷ್ಟ್ರೀಯ ಮಟ್ಟದಲ್ಲಿ ಈತನ ದಾಖಲೆ ಏರುಪೇರಿನದು. ಮುಖ್ಯ ಕೋಚ್ ಸ್ಟೀವ್ ಸ್ಯಾಂಪ್ಸನ್‌ನ ಸಹಾಯಕನಾಗಿ 1998ರ ಫ್ರಾನ್ಸ್ ವಿಶ್ವಕಪ್ಪಿಗೆ ಹೋದಾಗ ಅಮೆರಿಕ ಜರ್ಮನಿ, ಇರಾನ್, ಯುಗೊಸ್ಲಾವಿಯಾ ಮೂರಕ್ಕೂ ಸೋತು ಮನೆಗೆ ಬಂತು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಚಾರ್ಲ್ಸ್ ತಾನೇ ಮುಖ್ಯ ಕೋಚ್ ಆಗಿದ್ದ 23 ವರ್ಷದೊಳಗಿನವರ ತಂಡ ಕ್ವಾರ್ಟರ್ ಫೈನಲ್‌ನಲ್ಲಿ ಜಪಾನನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಸೆಮಿಫೈನಲ್ ತಲುಪಿತು. ಅಲ್ಲಿ ಸ್ಪೇನ್‌ಗೆ 3–1ರಿಂದ, ಕಂಚಿನ ಪಂದ್ಯದಲ್ಲಿ ಚಿಲಿಗೆ 2–0ಯಿಂದ ಸೋತು ನಾಲ್ಕನೆಯ ಸ್ಥಾನಕ್ಕೆ ನಿಂತಿತು. ಆಗ ಹಿರಿಯರ ತಂಡದ ಹೊಣೆ ಅರೀನಾನ ಕೈಯಲ್ಲಿತ್ತು. ಅಂದರೆ ಆ ಹೊತ್ತಿನಲ್ಲಿ ದೇಶದ ಎರಡು ಮುಖ್ಯ ಪುರುಷ ತಂಡಗಳನ್ನೂ ನಡೆಸುತ್ತಿದ್ದವರು ಕಾಲೇಜು ಮೈದಾನಗಳಲ್ಲಿ ಪಳಗಿದವರು.

ಅದೇ 2000ದಲ್ಲಿ ಚಾರ್ಲ್ಸ್‌ಗೆ ಪ್ರಾಸ್ಟೇಟ್ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಚಿಕಿತ್ಸೆಯ ನಡುವೆಯೇ ಎರಡೂ ತಂಡಗಳನ್ನು ನಡೆಸಿದ. 2002ರ ಡಿಸೆಂಬರ್‌ನಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ನಡೆದ ಮಹಿಳಾ ಫೈನಲ್‌ನಲ್ಲಿ ಎದುರಾಳಿ ಸಾಂತಾ ಕ್ಲಾರಾ, ಹಿಂದಿನ ವರ್ಷದ ಚಾಂಪಿಯನ್. ಅದೂ ಕ್ಯಾಥೊಲಿಕ್ ಸಂಸ್ಥೆ, ಪೋರ್ಟ್‌ಲ್ಯಾಂಡ್ ಇದ್ದ ವೆಸ್ಟ್ ಕೋಸ್ಟ್ ಕಾನ್ಫರೆನ್ಸ್ ಎಂಬ ಕಾಲೇಜು ಲೀಗಿನದೇ. ಕೆನಡಾದ ಬರ್ನಬಿಯಿಂದ ಬಂದ ಕ್ರಿಸ್ಟೀನ್ ಸಿಂಕ್ಲೇರ್ ಪೋರ್ಟ್‌ಲ್ಯಾಂಡಿನ ಎರಡೂ ಗೋಲು ಹೊಡೆದಳು. ಎರಡನೆಯದು ಎರಡನೆಯ ಹೆಚ್ಚುವರಿ ಅವಧಿಯಲ್ಲಿ ಬಂದ, ಪಂದ್ಯವನ್ನು ಅಲ್ಲಿಗೇ ಮುಗಿಸುವ ಗೋಲ್ಡನ್ ಗೋಲ್. ಪೋರ್ಟ್‌ಲ್ಯಾಂಡ್ ವಿಶ್ವವಿದ್ಯಾಲಯಕ್ಕೆ ಯಾವುದೇ ಆಟದಲ್ಲಿ ಸಿಕ್ಕ ಮೊದಲ ಎನ್‌ಸಿಎಎ ತಂಡ ಪ್ರಶಸ್ತಿ ಅದು. 2003ರ ಆಗಸ್ಟ್ 26ರಂದು ಚಾರ್ಲ್ಸ್ ತೀರಿಕೊಂಡ, ವಯಸ್ಸು 51. ವಿಶ್ವವಿದ್ಯಾಲಯದ ಸಾಕರ್ ಸಂಕೀರ್ಣಕ್ಕೆ ಈಗ ಆತನ ಹೆಸರಿದೆ.

ಇಷ್ಟೆಲ್ಲ ಒಬ್ಬ ವ್ಯಕ್ತಿಯ ವರ್ಚಸ್ಸಿನ ಫಲವಾಗಿದ್ದರೆ ಆತನ ಜತೆಗೇ ಮುಗಿಯಬೇಕಿತ್ತು ಎಂಬುದು ಉಳಿದ ಪ್ರಶ್ನೆ. ನಡೆದದ್ದು ಅರ್ಧ ಹಾಗೆ, ಅರ್ಧ ಹೀಗೆ. ಪುರುಷರ ತಂಡವನ್ನು ಇರ್ವಿನ್, ಮಹಿಳೆಯರದನ್ನು ಇನ್ನೊಬ್ಬ ಸಹಾಯಕ ಗ್ಯಾರೆಟ್ ಸ್ಮಿತ್ ವಹಿಸಿಕೊಂಡರು. ಇರ್ವಿನ್‌ನ ಕಾಲದಲ್ಲಿ ಪುರುಷರು ಕೊನೆಯ ನಾಲ್ಕರ ಹಂತಕ್ಕೆ ಮರಳಲಿಲ್ಲ. ಮಹಿಳೆಯರು 2005ರಲ್ಲಿ ಒಂದೂ ಪಂದ್ಯ ಸೋಲದೆ, 23 ಗೆದ್ದು ಎರಡನ್ನು ಡ್ರಾ ಮಾಡಿಕೊಂಡು, ಫೈನಲ್‌ನಲ್ಲಿ ಯುಸಿಎಲ್‌ಎಯನ್ನು 4–0ಯಿಂದ ಸೋಲಿಸಿ ಮತ್ತೆ ಚಾಂಪಿಯನ್ನರಾದರು. ಗುರುವಿನ ಪರಂಪರೆ ಒಂದೇ, ಮೈದಾನವೂ ಒಂದೇ. ಬೇರೆಯಾಗಿದ್ದದ್ದು ಹೊರಗಿನ ಜಗತ್ತು. ಹುಡುಗರಿಗೆ 1996ರಿಂದ ಸ್ವದೇಶದ ಲೀಗ್ ಇತ್ತು, ಯುರೋಪಿನ ಕ್ಲಬ್ಬುಗಳು ಹದಿಹರೆಯದಲ್ಲೇ ಕರೆದೊಯ್ಯತೊಡಗಿದ್ದವು. ಕಾಲೇಜು ಅವರ ಪಾಲಿಗೆ ಹಲವು ದಾರಿಗಳಲ್ಲಿ ಒಂದಾಯಿತು. ಹುಡುಗಿಯರ ಲೀಗ್ ಡಬ್ಲ್ಯುಯುಎಸ್‌ಎ 2001ರಲ್ಲಿ ಆರಂಭವಾಗಿ, ಚಾರ್ಲ್ಸ್ ತೀರಿಕೊಂಡ ಕೆಲವೇ ವಾರಗಳಲ್ಲಿ, 2003ರ ಸೆಪ್ಟೆಂಬರ್‌ನಲ್ಲಿ ಮುಚ್ಚಿಹೋಯಿತು. ಮುಂದಿನದು ಶುರುವಾಗಲು 2009 ಬರಬೇಕಾಯಿತು. ಎನ್‌ಎಎಸ್‌ಎಲ್ ಬಿದ್ದ ಮೇಲೆ ಹುಡುಗರ ಪಾಲಿಗೆ ಬಂದಿದ್ದ ಸ್ಥಿತಿಯೇ ಈಗ ಹುಡುಗಿಯರದು. ಸಿಂಕ್ಲೇರ್ ಒಂದೇ ಋತುವಿನಲ್ಲಿ 39 ಗೋಲು ಹೊಡೆದದ್ದು, ಮುಂದೆ ತಾರೆಯಾದ ಮೇಗನ್ ರಪಿನೊ ಮೊದಲ ವರ್ಷದ ವಿದ್ಯಾರ್ಥಿನಿಯಾಗಿ ಅದೇ ತಂಡಕ್ಕೆ ಬಂದದ್ದು ಈ 2005ರಲ್ಲಿ, ಅಮೆರಿಕದಲ್ಲಿ ಹೆಂಗಸರಿಗೆ ಸಂಬಳ ಕೊಡುವ ಲೀಗ್ ಒಂದೂ ಇಲ್ಲದಿದ್ದಾಗ.